ಕಂಪ್ಯೂಟರ್ ಬಂತು, ಪುಸ್ತಕ ಯಾಕೆ ಹೋಗಲಿಲ್ಲ?

ಪ್ರಶ್ನೆ: ನಮ್ಮದು ಕಾಸರಗೋಡು ಜಿಲ್ಲೆಯ ಬದಿಯಡ್ಕ ಹತ್ತಿರದ ಸಣ್ಣ ಸಹಕಾರಿ ಸಂಘ. ಅಡಿಕೆ ಖರೀದಿ, ಗೊಬ್ಬರ ಮಾರಾಟ ಎರಡೂ ಇದೆ. ಎರಡು ವರ್ಷದ ಹಿಂದೆ ಕಂಪ್ಯೂಟರ್, ಸಾಫ್ಟ್‌ವೇರ್ ಹಾಕಿಸಿದೆವು. ಗುಮಾಸ್ತರು ಈಗಲೂ ಮೊದಲು ಪುಸ್ತಕದಲ್ಲಿ ಬರೆದು, ಸಂಜೆ ಕೂತು ಕಂಪ್ಯೂಟರಿಗೆ ಹಾಕುತ್ತಾರೆ. ಮಹಾಸಭೆಯಲ್ಲಿ 'ಇದರಿಂದ ಲಾಭ ಏನಾಯಿತು?' ಎಂದು ಕೇಳಿದರೆ ನನ್ನಲ್ಲಿ ಉತ್ತರ ಇಲ್ಲ. ಏನು ಮಾಡಲಿ?
– ಒಬ್ಬ ಕಾರ್ಯದರ್ಶಿ

ಉತ್ತರ: ಮೊದಲು, ಗುಮಾಸ್ತರನ್ನು ಬೈಯಬೇಡಿ. ಪೆರ್ಲದ ಕಡೆಯ ಒಂದು ಸೊಸೈಟಿಯಲ್ಲಿ ನಾನೂ ಇಪ್ಪತ್ತು ವರ್ಷ ಲೆಕ್ಕ ಬರೆದವಳು. ಕಂಪ್ಯೂಟರ್ ಬಂದಾಗ ಪುಸ್ತಕವನ್ನು ಬಿಡದೆ ಹಿಡಿದುಕೊಂಡವಳು ನಾನೇ. ಚಾಲಿ, ಅಂದರೆ ಒಣಗಿಸಿ ಸುಲಿದ ಅಡಿಕೆ, ತಂದವರ ಚೀಲ ಬಿಚ್ಚಿದರೆ ಒಳ್ಳೆಯದು ಬೇರೆ, ಪಟೋರ ಬೇರೆ, ಉಳ್ಳಿಗಡ್ಡೆ ಬೇರೆ, ಕರಿಗೋಟು ಬೇರೆ. ಇವೆಲ್ಲ ಅಡಿಕೆಯದೇ ದರ್ಜೆಗಳು, ಒಂದೊಂದಕ್ಕೆ ಒಂದೊಂದು ರೇಟು. ಸಾಫ್ಟ್‌ವೇರಿನಲ್ಲಿ ಇದ್ದದ್ದು 'ಅಡಿಕೆ' ಎಂಬ ಒಂದೇ ಸಾಲು, ಅದೂ ಇಂಗ್ಲಿಷಿನಲ್ಲಿ. ಕನ್ನಡ ಮಾತ್ರ ಓದುವ ಅಜ್ಜ ಒಬ್ಬರು ಬಿಲ್ಲನ್ನು ತಿರುಗಿಸಿ ತಿರುಗಿಸಿ ನೋಡಿ, "ಅಕ್ಕಾ, ಕರಿಗೋಟು ಎಷ್ಟು ಅಂತ ನೀವೇ ಒಂದು ಚೀಟಿ ಬರೆದು ಕೊಡಿ" ಎನ್ನುತ್ತಿದ್ದರು. ಪುಸ್ತಕ ಇಲ್ಲದೆ ಆ ಚೀಟಿ ಬರೆಯುವುದು ಹೇಗೆ?

ಇದು ನಮ್ಮ ಊರಿನ ತೊಂದರೆ ಮಾತ್ರ ಅಲ್ಲ. ಜನ ಕಂಪ್ಯೂಟರನ್ನು ಯಾಕೆ ಒಪ್ಪುತ್ತಾರೆ, ಯಾಕೆ ಬಿಡುತ್ತಾರೆ ಎಂದು ಅಮೆರಿಕದ ಸಂಶೋಧಕ ಫ್ರೆಡ್ ಡೇವಿಸ್ 1989ರಲ್ಲಿ ಬರೆದರು. ನನ್ನ ಕೆಲಸಕ್ಕೆ ಉಪಯೋಗ ಅನ್ನಿಸಬೇಕು, ಬಳಸಲು ಸುಲಭ ಅನ್ನಿಸಬೇಕು. ಎರಡರಲ್ಲಿ ಉಪಯೋಗದ ತೂಕವೇ ಜಾಸ್ತಿ ಎಂದು ಅವರಿಗೆ ಕಂಡಿತು. ಹಾಗಾಗಿ ಸುಮ್ನೆ ಇನ್ನೊಂದು ತರಬೇತಿ ಕೊಡಿಸಿದರೆ ಸಾಲದು.

ಲಾಭದ ಪ್ರಶ್ನೆಯೂ ಹಳೆಯದೇ. ಕಂಪ್ಯೂಟರ್ ಎಲ್ಲೆಲ್ಲೂ ಇದೆ, ಉತ್ಪಾದಕತೆಯ ಅಂಕಿಯಲ್ಲಿ ಮಾತ್ರ ಕಾಣುತ್ತಿಲ್ಲ ಎಂದು ಅರ್ಥಶಾಸ್ತ್ರಜ್ಞ ರಾಬರ್ಟ್ ಸೊಲೊ 1987ರಲ್ಲೇ ಹೇಳಿದ್ದರು. 1990ರಲ್ಲಿ ಇನ್ನೊಬ್ಬ ಅರ್ಥಶಾಸ್ತ್ರಜ್ಞ ಪಾಲ್ ಡೇವಿಡ್ ಇದಕ್ಕೆ ವಿದ್ಯುತ್ತಿನ ಕತೆ ಹೇಳಿದರು. ನನಗೆ ತುಂಬಾ ಇಷ್ಟದ ಕತೆ ಅದು. ಎಡಿಸನ್ ನ್ಯೂಯಾರ್ಕಿನಲ್ಲಿ ವಿದ್ಯುತ್ ಕೇಂದ್ರ ತೆರೆದದ್ದು 1882ರಲ್ಲಿ. ಎಷ್ಟೋ ಕಾರ್ಖಾನೆಗಳು ಹಬೆ ಎಂಜಿನ್ ತೆಗೆದು ಅದೇ ಜಾಗದಲ್ಲಿ ದೊಡ್ಡ ಮೋಟಾರು ಕೂರಿಸಿದವು. ಒಂದೇ ಎಂಜಿನ್ನಿನಿಂದ ಎಲ್ಲ ಯಂತ್ರಗಳನ್ನೂ ತಿರುಗಿಸುವ ಉದ್ದದ ಶಾಫ್ಟು, ಬೆಲ್ಟುಗಳು ಹಾಗೇ ಉಳಿದವು. ನಮ್ಮ ಹಳೇ ಅಕ್ಕಿ ಮಿಲ್ಲು ನೋಡಿದವರಿಗೆ ಇದು ಕಣ್ಣಿಗೆ ಕಟ್ಟುತ್ತದೆ, ಅಲ್ವಾ? ಒಂದೊಂದು ಯಂತ್ರಕ್ಕೂ ಬೇರೆ ಮೋಟಾರು ಬಂದು, ಕಟ್ಟಡದ ಒಳಗಿನ ಜೋಡಣೆಯೇ ಬದಲಾದ ಮೇಲೆ, 1920ರ ದಶಕದಲ್ಲಿ, ಉತ್ಪಾದಕತೆ ಜೋರಾಗಿ ಏರಿತು.

ನಿಮ್ಮ ಕಂಪ್ಯೂಟರೂ ಎಂಜಿನ್ ಜಾಗದಲ್ಲಿ ಕೂತ ಮೋಟಾರು. ಅದನ್ನು ಒಳಗಿನ ಕೋಣೆಯಿಂದ ತಕ್ಕಡಿಯ ಪಕ್ಕಕ್ಕೆ ತನ್ನಿ. ತೂಕ ಆಗುವಾಗಲೇ ಲೆಕ್ಕ ಒಳಗೆ ಹೋಗಲಿ. ಸಾಫ್ಟ್‌ವೇರಿನವರನ್ನು ಕರೆಸಿ ಪಟೋರ, ಉಳ್ಳಿಗಡ್ಡೆ, ಕರಿಗೋಟಿಗೆ ಬೇರೆ ಬೇರೆ ಸಾಲು ಹಾಕಿಸಿ. ಬಿಲ್ಲು ಕನ್ನಡದಲ್ಲೂ ಬರಲೇಬೇಕು ಎಂದು ಹಟ ಹಿಡಿಯಿರಿ. ಈ ಪಟ್ಟಿ ಮಾಡಲು ಗುಮಾಸ್ತರನ್ನೇ ಕೂರಿಸಿ, ಅವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿಲ್ಲ. ಕರೆಂಟಿಗೆ ಯುಪಿಎಸ್, ದಿನಾ ಬ್ಯಾಕಪ್ ಇರಲಿ. ಗೊಬ್ಬರದ ಕೌಂಟರಿನಿಂದ ಶುರು ಮಾಡಿ, ಅಲ್ಲಿ ತಲೆಬಿಸಿ ಕಡಿಮೆ.

ಮಹಾಸಭೆಗೆ ಹೇಳಲು ರೂಪಾಯಿ ಲೆಕ್ಕ ಈಗಲೇ ಹುಡುಕಬೇಡಿ. ಕೃಷಿಕರು ತಕ್ಕಡಿ ಮುಂದೆ ಎಷ್ಟು ಹೊತ್ತು ನಿಲ್ಲುತ್ತಾರೆ, ಗುಮಾಸ್ತರು ಎಷ್ಟು ಗಂಟೆಗೆ ಮನೆಗೆ ಹೊರಡುತ್ತಾರೆ, ಇದನ್ನು ಇವತ್ತೇ ಬರೆದಿಡಿ. ಆರು ತಿಂಗಳ ನಂತರ ಮತ್ತೆ ಬರೆಯಿರಿ.

ಕನ್ನಡ ಬಿಲ್ಲು ಬಂದ ದಿನ ಅದನ್ನು ಒಬ್ಬ ಹಿರಿಯ ಸದಸ್ಯರ ಕೈಗೆ ಕೊಟ್ಟು ನೋಡಿ. ಅವರು ಚೀಟಿ ಕೇಳದೆ ಹೊರಟರೆ, ಆಡಿಟರ್ ಹತ್ತಿರ ಒಂದು ಮಾತು ಕೇಳಿ ಪುಸ್ತಕ ಮುಚ್ಚಿ.