ವೃದ್ಧಾಶ್ರಮದ ಸ್ವಂತ ಕಟ್ಟಡಕ್ಕೆ ಊರಿನಿಂದ 40 ಲಕ್ಷ ಕೂಡಿಸುವುದು ಹೇಗೆ?

ಜಮಖಂಡಿಯಲ್ಲಿ ಬಾಡಿಗೆ ಮನೆಯಲ್ಲಿರುವ ನಿಮ್ಮ ವೃದ್ಧಾಶ್ರಮಕ್ಕೆ ಜಾಗ ಸಿಕ್ಕಿದೆ, 40 ಲಕ್ಷದ ಅಂದಾಜಾಗಿದೆ, ದೀಪಾವಳಿಗೆ ಭೂಮಿಪೂಜೆ ಮಾಡಿ ಮನೆಮನೆಗೆ ಪಟ್ಟಿ (ಚಂದಾ) ಎತ್ತಬೇಕೆಂದಿದ್ದೀರಿ. ದಯವಿಟ್ಟು ಮನೆಮನೆಯನ್ನು ಕೊನೆಗಿಡಿ. ಪಟ್ಟಿಯ ಮೊದಲ ಪುಟದಲ್ಲಿ 501, 1,001 ಇದ್ದರೆ ಲಕ್ಷ ಕೊಡಬಲ್ಲ ಸಾಹುಕಾರರೂ ಅದನ್ನೇ ನೋಡಿ 5,001 ಬರೆಯುತ್ತಾರೆ. ಒಮ್ಮೆ ಬರೆಸಿದವರ ಹತ್ತಿರ ಅದೇ ಕಟ್ಟಡಕ್ಕೆ ಮತ್ತೆ ಹೋಗಲು ಬರುವುದಿಲ್ಲ.

ಲೆಕ್ಕ ಹೀಗೆ ಹಾಕಿ: 5 ಲಕ್ಷದವರು ಒಬ್ಬರು, 2 ಲಕ್ಷದವರು ನಾಲ್ವರು, ಲಕ್ಷದವರು ಹತ್ತು ಮಂದಿ, 50 ಸಾವಿರದವರು ಇಪ್ಪತ್ತು ಮಂದಿ. ಇಷ್ಟಕ್ಕೇ 33 ಲಕ್ಷ. ಉಳಿದ 7 ಲಕ್ಷ ಊರಿನ ಪಾಲು. ಮೂವರಲ್ಲಿ ಒಬ್ಬರು ಒಪ್ಪುತ್ತಾರೆಂದು ಹಿಡಿದರೂ ನೂರಕ್ಕೂ ಹೆಚ್ಚು ಹೆಸರು ಬೇಕು. ಪ್ರತಿ ಹೆಸರಿನ ಮುಂದೆ ಯಾರು ಹೋಗಿ ಕೇಳಬೇಕೆಂದೂ ಬರೆಯಿರಿ. ಟ್ರಸ್ಟಿಗಳು ಮೊದಲು ತಮ್ಮದನ್ನು ಬರೆಸಿರಲಿ, ‘ನೀವೆಷ್ಟು ಹಾಕೀರಿ?’ ಅಂತ ದಾನಿಗಳು ಕೇಳೇ ಕೇಳುತ್ತಾರೆ.

ಮಾತು ಕೊಟ್ಟ ಹಣ ಬಾರದಿರುವುದಕ್ಕೆ ಹೆಚ್ಚಾಗಿ ಕೇಳಿದ ಹೊತ್ತೇ ಕಾರಣ. ದೀಪಾವಳಿಗೆ ಕಬ್ಬು ಇನ್ನೂ ಹೊಲದಲ್ಲಿರುತ್ತದೆ. ಸಕ್ಕರೆ ಕಾರ್ಖಾನೆ ಕಬ್ಬು ತಲುಪಿದ 14 ದಿನದಲ್ಲಿ ಬಿಲ್ಲಿನ ಹಣ ಕೊಡಬೇಕೆಂಬ ನಿಯಮವಿದ್ದರೂ ಕೈಗೆ ಬರುವುದು ತಡವೇ. ಹಾಗಾಗಿ ಈಗ ಒಪ್ಪಿಗೆ ಪತ್ರ ಮಾತ್ರ ಬರೆಸಿಕೊಳ್ಳಿ: ಮೊತ್ತ, ಕಂತು, ತಾರೀಖು, ಸಹಿ. ಕಬ್ಬಿನವರಿಗೆ ಮಾರ್ಚ್‌ನ ನಂತರದ ತಾರೀಖು, ದ್ರಾಕ್ಷಿಯವರಿಗೆ ಒಣದ್ರಾಕ್ಷಿ ಮಾರಿದ ಮೇಲಿನದು, ನೌಕರರಿಗೆ ತಿಂಗಳ ಕಂತು. ಅರ್ಧದಷ್ಟಾದರೂ ಹಣ ಖಾತೆಗೆ ಬೀಳುವವರೆಗೆ ಭೂಮಿಪೂಜೆ ಬೇಡ.

ಎಲ್ಲರೂ ಹೆಸರು ಕೆತ್ತಿಸಲು ಕೋಣೆ ಕೇಳುತ್ತಾರೆ, ಪಾಯಾಕ್ಕೆ ಕೊಡುವವರು ಸಿಗುವುದಿಲ್ಲ. ನಿಮ್ಮ ಜಾಗ ಯರಿ (ಕಪ್ಪು) ಮಣ್ಣಿನದಾದರೆ ಖರ್ಚು ಹೆಚ್ಚಾಗುವುದೇ ಅಲ್ಲಿ. ಆ ಮಣ್ಣು ಮಳೆಗೆ ಉಬ್ಬಿ ಬ್ಯಾಸಗಿಗೆ ಬಿರಿಯುತ್ತದೆ. ಪಾಯಾ ಆಳಕ್ಕಿಳಿಯದಿದ್ದರೆ ಗೋಡೆ ಸೀಳುತ್ತದೆ. ಮೊದಲು ಗುಂಡಿ ತೋಡಿಸಿ, ಎಂಜಿನಿಯರ್ ನೋಡಿದ ಮೇಲೆಯೇ ಅಂದಾಜು ಪಕ್ಕಾ ಮಾಡಿ. ಒಂದು ಕೋಣೆಯ ದರದಲ್ಲಿ ಪಾಯಾ, ಸಂಡಾಸ, ಸೆಪ್ಟಿಕ್ ಟ್ಯಾಂಕ್, ವೈರಿಂಗ್ ಪಾಲನ್ನೂ ಸೇರಿಸಿ. ಬರೀ ಗೋಡೆ-ಸ್ಲ್ಯಾಬಿನ ದರ ಹೇಳಿದರೆ ಕೋಣೆಗಳೆಲ್ಲ ಹಂಚಿಹೋದ ಮೇಲೂ ದುಡ್ಡು ಸಾಲುವುದಿಲ್ಲ.

ಕಟ್ಟಡಕ್ಕೆ ಬೇರೆ ಬ್ಯಾಂಕ್ ಖಾತೆ, ನಂಬರ್ ಹಾಕಿದ ಪಾವತಿ (ರಸೀದಿ) ಪುಸ್ತಕ, ದಾನಿಯ ಪ್ಯಾನ್, ವಿಳಾಸ ಇರಲೇಬೇಕು. ದಾನಿಗೆ ತೆರಿಗೆ ವಿನಾಯಿತಿ ಕೊಡಿಸುವ 80ಜಿ ನೋಂದಣಿ ನಿಮ್ಮ ಟ್ರಸ್ಟ್‌ಗೆ ಇದ್ದರೂ 2,000 ರೂಪಾಯಿ ಮೀರಿದ ನಗದು ದೇಣಿಗೆಗೆ ತೆರಿಗೆ ವಿನಾಯಿತಿ ಇಲ್ಲ. ಸಿಮೆಂಟ್, ಕಬ್ಬಿಣದ ರೂಪದಲ್ಲಿ ಕೊಟ್ಟಿದ್ದಕ್ಕೂ ಇಲ್ಲ, ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗೂ ಇಲ್ಲ. ಇದನ್ನು ಕೇಳುವಾಗಲೇ ಹೇಳಿಬಿಡಿ. ಊರಿನವರೇ ಆದರೂ ವಿದೇಶಿ ಪೌರತ್ವ ಪಡೆದವರಿಂದ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆಯ) ಅನುಮತಿ ಇಲ್ಲದೆ ಒಂದು ರೂಪಾಯಿಯನ್ನೂ ತೆಗೆದುಕೊಳ್ಳುವಂತಿಲ್ಲ; ಭಾರತದ ಪಾಸ್‌ಪೋರ್ಟ್ ಇದ್ದು ಸ್ವಂತ ದುಡಿಮೆಯಿಂದ ಕೊಡುವವರಿಗೆ ಆ ಅಡ್ಡಿ ಇಲ್ಲ.

ಸಿಮೆಂಟ್ ಕೊಡುತ್ತೇವೆ ಎಂದವರಿಗೆ ಚೀಲ ಈಗಲೇ ಕಳಿಸಬೇಡಿ ಎನ್ನಿ. ಮೂರು ತಿಂಗಳು ದಾಟಿದರೆ ಅದರ ಕಸುವು ಕಡಿಮೆಯಾಗುತ್ತದೆ. ಬೇಕಾದ ವಾರ ಅಂಗಡಿಯಿಂದ ನೇರ ತರಿಸಲು ಚೀಟಿ ಬರೆಸಿಕೊಳ್ಳಿ.

ನಡುವೆ ಹಣ ನಿಂತರೆ ಪ್ಲಿಂತ್ (ಪಾಯಾ ಮುಗಿದು ಗೋಡೆ ಏಳುವ) ಮಟ್ಟದಲ್ಲೋ ಸ್ಲ್ಯಾಬ್ ಬಿದ್ದ ಮೇಲೋ ನಿಲ್ಲಿಸಿ, ಅರ್ಧ ಗೋಡೆಯಲ್ಲಿ ಬೇಡ. ಹೊರಗೆ ಉಳಿದ ಕಂಬದ ಸರಳುಗಳಿಗೆ ತುಕ್ಕು ಹಿಡಿಯದಂತೆ ಸಿಮೆಂಟ್ ಹಾಲು ಬಳಿಸಿ.