ಫಾರ್ಮಿನಲ್ಲಿದ್ದ ಗಂಡನ ನಂಬರು

ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ವಿಜಯಪುರದ ಕಡೆಯಿಂದ ಬಂದು ಮುಂಬಯಿಯ ಘಾಟ್ಕೋಪರಿನಲ್ಲಿ ನಾಲ್ಕು ಮನೆಗಳ ಅಡುಗೆ ಮಾಡುವ, ನಮ್ಮ ಕಚೇರಿಗೆ ಸಲಹೆಗೆ ಬರುತ್ತಿದ್ದ 43 ವರ್ಷದ ಈ ಮಹಿಳೆಯನ್ನು ಶಾಂತಕ್ಕ ಎನ್ನೋಣ. ಗರ್ಭಕಂಠದ ಕ್ಯಾನ್ಸರ್ ತಪಾಸಣೆಗೆ ಮೂರು ಸಲ ಹೆಸರು ಕೊಟ್ಟಿದ್ದರೂ ಅವರು ಒಮ್ಮೆಯೂ ಹೋಗಿರಲಿಲ್ಲ. "ನನಗೇನೂ ತ್ರಾಸಿಲ್ಲರೀ ಮೇಡಂ, ಸುಮ್ನ ಯಾಕ ಅರ್ಧ ದಿನದ ಪಗಾರ ಕಳಕೊಳ್ಳಲಿ?" ಎಂದರು.

ನಾನು ಅದನ್ನೇ ನಿಜವಾದ ಕಾರಣವೆಂದು ತಿಳಿದು, ಈ ರೋಗಕ್ಕೆ ಮೂಲವಾದ ಎಚ್‌ಪಿವಿ ವೈರಾಣು ಲೈಂಗಿಕ ಸಂಪರ್ಕದಿಂದ ಹರಡುತ್ತದೆ ಎಂದು ವಿವರಿಸತೊಡಗಿದೆ. ಅದು ನನ್ನ ತಪ್ಪು. ಅವರು ಮೆಂತ್ಯ ಸೊಪ್ಪಿನ ಚೀಲದ ಹಿಡಿಕೆಗೆ ಗಂಟು ಹಾಕಿ ಬಿಚ್ಚುತ್ತ ಕುಳಿತಿದ್ದವರು ಎದ್ದು ಹೋದರು. ಮುಂದಿನ ವಾರ ಬರಲಿಲ್ಲ.

ತಿಂಗಳ ನಂತರ ಬಂದಾಗ ಹೇಳಿದರು: ತಪಾಸಣೆಗೆ ಹೆಸರು ಕೊಟ್ಟ ಫಾರ್ಮಿನಲ್ಲಿ ಬರೆಸಿದ್ದು ಗಂಡನ ಫೋನ್ ನಂಬರು. "ರಿಪೋರ್ಟ್ ಕೆಟ್ಟ ಬಂತಂದ್ರ ಮನಿಯಾಗ ಮೊದಲ ಕೇಳೋದು ನನ್ನ ನಡತಿ ಬಗ್ಗೆನರೀ." 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 30ರಿಂದ 49 ವಯಸ್ಸಿನ ನೂರು ಮಹಿಳೆಯರಲ್ಲಿ ಈ ತಪಾಸಣೆ ಮಾಡಿಸಿಕೊಂಡವರು ಇಬ್ಬರೂ ಇಲ್ಲ. ಇದಕ್ಕೆ ಅರಿವಿನ ಕೊರತೆಯೇ ಕಾರಣವೆಂದು ಹೇಳಿಬಿಡುವುದು ಸುಲಭ. ಆದರೆ ಪಕ್ಕದ ಮನೆಯಾಕೆ ಇದೇ ರೋಗದಿಂದ ತೀರಿಕೊಂಡದ್ದನ್ನು ಕಂಡಿದ್ದ ಶಾಂತಕ್ಕನಿಗೆ ಅರಿವೇನೂ ಕಡಿಮೆಯಿರಲಿಲ್ಲ.

ನಾನು ಹೇಳಿದ್ದು ಇಷ್ಟು. ಈ ಸೋಂಕು ಬಹುತೇಕ ಎಲ್ಲರಿಗೂ ಒಮ್ಮೆಯಾದರೂ ತಗಲುವಂಥದ್ದು, ಹೆಚ್ಚಿನವರಲ್ಲಿ ತಾನಾಗಿಯೇ ಹೋಗುತ್ತದೆ, ಕೆಲವರಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಆದ್ದರಿಂದ ಅದು ಯಾರಿಂದ, ಯಾವಾಗ ಬಂತೆಂದು ಯಾವ ಪರೀಕ್ಷೆಯೂ ಹೇಳಲಾರದು. ನೀವು ಹೋಗುವ ಕೇಂದ್ರದಲ್ಲಿ ಮಾಡುವುದು ಗರ್ಭಕಂಠಕ್ಕೆ ಅಸಿಟಿಕ್ ಆಮ್ಲದ (ವಿನೆಗರ್‌ನಲ್ಲಿರುವ ಆಮ್ಲ) ತಿಳಿ ದ್ರಾವಣ ಸವರಿ, ಒಂದು ನಿಮಿಷ ಬಿಟ್ಟು, ಬಿಳಿ ಮಚ್ಚೆ ಮೂಡುತ್ತದೆಯೇ ಎಂದು ನೋಡುವ ಪರೀಕ್ಷೆ. ಫಲಿತಾಂಶವನ್ನು ಅಲ್ಲೇ ಬಾಯಿಮಾತಿನಲ್ಲಿ ಹೇಳುತ್ತಾರೆ, ಯಾರ ಫೋನಿಗೂ ಹೋಗಬೇಕಾಗಿಲ್ಲ. ಮಚ್ಚೆ ಕಂಡರೂ ಅದು ಕ್ಯಾನ್ಸರೇ ಎಂದಲ್ಲ. ಮುಟ್ಟಿನ ದಿನಗಳನ್ನು ಬಿಟ್ಟು ಹೋಗಿ, ಸೀರೆ ಬಿಚ್ಚಬೇಕಾಗಿಲ್ಲ, ಮಹಿಳೆಯೇ ನೋಡಲಿ ಎಂದು ಮೊದಲೇ ಕೇಳಿ. ಇದೇ ಮುಂಬಯಿಯ ಬಸ್ತಿಗಳಲ್ಲಿ 1998ರಲ್ಲಿ ಆರಂಭವಾದ ಟಾಟಾ ಸ್ಮಾರಕ ಆಸ್ಪತ್ರೆಯ ಅಧ್ಯಯನದಲ್ಲಿ ಹತ್ತನೇ ತರಗತಿ ಓದಿದ ಹೆಣ್ಣುಮಕ್ಕಳೇ ತರಬೇತಿ ಪಡೆದು ಈ ಪರೀಕ್ಷೆ ಮಾಡಿದ್ದರು. ತಪಾಸಣೆ ಇಲ್ಲದ ಬಸ್ತಿಗಳಿಗಿಂತ ಅಲ್ಲಿ ಈ ರೋಗದ ಸಾವು ಶೇ. 31ರಷ್ಟು ಕಡಿಮೆಯಿತ್ತು. ಫಾರ್ಮಿನಲ್ಲಿ, ಅವರ ಒಪ್ಪಿಗೆಯಿಂದ, ನಮ್ಮ ಕಚೇರಿಯ ನಂಬರು ಬರೆಸಿದೆವು.

ನೆರೆಯ ಹೆಂಗಸಿನೊಡನೆ ಹೋಗಿಬಂದರು, ಮಚ್ಚೆ ಇರಲಿಲ್ಲ. ಮರಾಠಿ ಮಾತಾಡಲು ಬಂದರೂ ಓದಲು ಬಾರದ ಅವರು ಚೀಟಿಯನ್ನು ನನ್ನ ಮುಂದಿಟ್ಟು, ಐದು ವರ್ಷದ ನಂತರದ ತಾರೀಕನ್ನು ಕನ್ನಡದಲ್ಲಿ ಬರೆದುಕೊಡಲು ಕೇಳಿದರು.