ಕೊಂಬಿಗಾಗಿ ಬೇಟೆಯಾಡಿದರೆ ಪ್ರಾಣಿ ಉಳಿಯುತ್ತದೆಯೇ?

ದುಡ್ಡು ಕೊಟ್ಟು ಬೇಟೆಯಾಡುವುದನ್ನು ಸಂರಕ್ಷಣೆ ಅಂತ ಹೇಗೆ ಕರೆಯುತ್ತಾರೆ ಎಂದು ಕೇಳಿದ್ದೀರಿ. ನನಗೂ ಆ ಮಾತು ಕೇಳಿದರೆ ಸಂಕಟವಾಗುತ್ತದೆ. ಆದರೆ ಪಾಕಿಸ್ತಾನದ ಮಾರ್ಖೋರ್ ಕತೆಯನ್ನು ಸುಮ್ನೆ ತಳ್ಳಿಹಾಕಲು ಆಗುವುದಿಲ್ಲ.

ಮಾರ್ಖೋರ್ ಅಂದರೆ ಸ್ಕ್ರೂ ಥರ ತಿರುಚಿದ ಉದ್ದ ಕೊಂಬಿನ ಕಾಡುಮೇಕೆ. 1980ರ ದಶಕದಲ್ಲಿ ಬಲೂಚಿಸ್ತಾನದ ತೋರ್ಘರ್ ಬೆಟ್ಟಗಳಲ್ಲಿ ತೀರಾ ಕಡಿಮೆ ಉಳಿದಿದ್ದವು. ಅಲ್ಲಿನ ಬುಡಕಟ್ಟಿನವರು ತಮ್ಮ ಬೇಟೆ ನಿಲ್ಲಿಸಿ, ಊರಿನವರನ್ನೇ ಕಾವಲಿಗೆ ಇಟ್ಟರು. ವರ್ಷಕ್ಕೆ ಬೆರಳೆಣಿಕೆಯ ಬೇಟೆ ಪರವಾನಗಿ ಮಾರಿದ ಹಣದಲ್ಲೇ ಅವರ ಸಂಬಳ. ಪಾಕಿಸ್ತಾನದ ಉತ್ತರದ ಗಿಲ್ಗಿಟ್ ಕಡೆ ಈಗ ಒಂದು ಪರವಾನಗಿಗೆ ಲಕ್ಷ ಡಾಲರ್‌ಗೂ ಜಾಸ್ತಿ. ಅದರಲ್ಲಿ ಶೇ. 80ರಷ್ಟು ಊರಿನವರಿಗೇ ಸೇರುತ್ತದೆ, ಮುಖ್ಯವಾದದ್ದು ಅದೇ ಅಲ್ವಾ? ಯಾವ ಜೀವಿ ಎಷ್ಟು ಅಪಾಯದಲ್ಲಿದೆ ಎಂದು ಪಟ್ಟಿ ಮಾಡುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ 2015ರಲ್ಲಿ ಮಾರ್ಖೋರನ್ನು ಅಳಿವಿನಂಚಿನ ವರ್ಗದಿಂದ ಹೊರಗೆ ತಂದಿತು.

ಸಿಂಹದ ಲೆಕ್ಕ ಮಾತ್ರ ಬೇರೆ. ಅದೇ ವರ್ಷ ಜಿಂಬಾಬ್ವೆಯ ಹ್ವಾಂಗೆ ಪಾರ್ಕಿನ ಹೊರಗೆ ಸೆಸಿಲ್ ಎಂಬ ಸಿಂಹವನ್ನು ದುಡ್ಡು ಕೊಟ್ಟು ಬಂದ ಬೇಟೆಗಾರನೊಬ್ಬ ಬಾಣ ಬಿಟ್ಟು ಕೊಂದ. ಅದರ ಕೊರಳಲ್ಲಿ ಸಂಶೋಧಕರು ಹಾಕಿದ ಕಾಲರ್ ಇತ್ತು. ಗುಂಪಿನ ಗಂಡು ಸತ್ತರೆ, ಆ ಜಾಗಕ್ಕೆ ಬರುವ ಹೊಸ ಗಂಡು ಎಷ್ಟೋ ಸಲ ಹಳೆಯ ಮರಿಗಳನ್ನೂ ಕೊಂದುಹಾಕುತ್ತದೆ. ಪರವಾನಗಿಯ ಲೆಕ್ಕದಲ್ಲಿ ಸತ್ತದ್ದು ಒಂದೇ ಸಿಂಹ. ಆ ಮರಿಗಳನ್ನು ಯಾರೂ ಎಣಿಸುವುದಿಲ್ಲ.